ಮುಖ ಹೇಳಿದ್ದು

ಆಗಸ್ಟ್ 4, ಸೋಮವಾರ

ಇವತ್ತು ಹಾಜರಿ ಕೂಗುವಾಗಲೇ ಆಯಿತು. ‘ಜಡೇಸ್ವಾಮಿ’ ಅಂದರು, ‘ಎಸ್ ಸರ್’ ಅಂದೆ. ಅಷ್ಟೇ. ಅಷ್ಟಕ್ಕೇ ಕತ್ತಿನಿಂದ ಶುರುವಾಗಿ, ಕಿವಿಗೆ ಹತ್ತಿ, ಕೆನ್ನೆ ತುಂಬಿ, ಹಣೆಯವರೆಗೂ ಬಿಸಿ, ಕೆಂಪು. ಮೊದಲ ಸಾಲಿನ ಹುಡುಗಿ ಯಾರೋ ತಿರುಗಿ ನೋಡಿದ್ದಕ್ಕೆ ಇನ್ನೊಂದು ರೌಂಡ್.

ಆರನೇ ಕ್ಲಾಸಿನಿಂದ ಪಿಯುಸಿವರೆಗೆ ಹುಡುಗರ ವಸತಿ ಶಾಲೆಯಲ್ಲಿದ್ದೆ. ಒಂದೇ ಡಾರ್ಮಿಟರಿಯಲ್ಲಿ ಬೆಳೆದವರಿಗೆ ನನ್ನ ಮುಖ ಗೋಡೆಯ ಮೇಲಿನ ಹಳೇ ಕ್ಯಾಲೆಂಡರಿನ ಹಾಗೆ, ಯಾರೂ ನೋಡುತ್ತಿರಲಿಲ್ಲ. ಕೊಳ್ಳೇಗಾಲದ ಈ ಕಾಲೇಜಿಗೆ ಬಿ.ಎಸ್ಸಿ. ಸೇರಿದ ಮೇಲೆ ಮತ್ತೆ ಹೊಸದಾಗಿ ಎಲ್ಲರಿಗೂ ಕಾಣಿಸತೊಡಗಿದ್ದೇನೆ.

ನನಗೆ ಅಮ್ಮನ ಬಿಳಿ ಬಣ್ಣ ಬಂದಿದೆ. ರಾಮಾಪುರದಲ್ಲಿ ಅದನ್ನು ದೊಡ್ಡ ಅದೃಷ್ಟ ಅನ್ನುತ್ತಾರೆ. ಅಪ್ಪನ ಬಣ್ಣ ಬಂದಿದ್ದರೆ ಎಷ್ಟು ಉರಿದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ನೆಟ್‌ನಲ್ಲಿ ನೋಡಿದೆ. ಡೀಪ್ ಬ್ರೀತಿಂಗ್ ಮಾಡಿ, ತಣ್ಣೀರು ಕುಡಿಯಿರಿ, ಜಸ್ಟ್ ಅಕ್ಸೆಪ್ಟ್ ಇಟ್. ಅಕ್ಸೆಪ್ಟ್ ಮಾಡಲು ಇದೇನು ಫ್ರೆಂಡ್ ರಿಕ್ವೆಸ್ಟಾ.

ಆಗಸ್ಟ್ 7, ಗುರುವಾರ

ಮೊದಲ ಕೆಮಿಸ್ಟ್ರಿ ಲ್ಯಾಬ್. ರೋಲ್ ನಂಬರ್ ಪ್ರಕಾರ ಇಬ್ಬಿಬ್ಬರನ್ನು ಒಂದೊಂದು ಟೇಬಲ್ಲಿಗೆ ಹಾಕಿದರು. ನನ್ನ ಪಕ್ಕ ಧನುಶ್ರೀ. ಅಗರದವಳು, ದಿನಾ ಯಳಂದೂರು ಬಸ್ಸಲ್ಲಿ ಬರುತ್ತಾಳೆ. ನಾನು ಬ್ಯೂರೆಟ್ಟಿನ ಗಾಜಿನ ಕೊಳವೆ ಹಿಡಿದಿದ್ದೆ, ಅವಳು ಬಗ್ಗಿ ಗೆರೆ ನೋಡಿ, ನಿಮಗೆ ಎಷ್ಟು ಕಾಣುತ್ತಿದೆ ಅಂತ ಕೇಳಿದಳು. ಉತ್ತರ ಗೊತ್ತಿತ್ತು. ಉತ್ತರಕ್ಕಿಂತ ಮೊದಲು ಮುಖ ಬಂತು.

ಪಕ್ಕದ ಟೇಬಲ್ಲಿನಲ್ಲಿ ನನ್ನ ಹಾಸ್ಟೆಲ್ ರೂಮ್‌ಮೇಟ್ ದೇವರಾಜು ಇದ್ದ. ಫ್ಲಾಸ್ಕಿನ ನೀರು ತಟ್ಟನೆ ಗುಲಾಬಿಯಾಗುವುದಕ್ಕೆ ಎಂಡ್ ಪಾಯಿಂಟ್ ಅನ್ನುತ್ತಾರೆ ಅಂತ ಸರ್ ಆಗ ತಾನೇ ಹೇಳಿದ್ದರು.

“ಸಾ, ಇಲ್ ನೋಡಿ. ಫ್ಲಾಸ್ಕಿಗಿಂತ ಮೊದ್ಲು ಜಡೇಸ್ವಾಮಿಗೇ ಎಂಡ್ ಪಾಯಿಂಟ್ ಬಂತು.”

ಸರ್ ಕೂಡ ನಕ್ಕರು. ಧನುಶ್ರೀ ನಗಲಿಲ್ಲ. ಜ್ವರ ಇದೆಯಾ ಅಂತ ಕೇಳಿದಳು, ಇಲ್ಲ ಅಂದೆ, ಸರಿ ರೀಡಿಂಗ್ ಬರೆದುಕೊಳ್ಳಿ ಅಂದಳು. ಇಡೀ ಲ್ಯಾಬಿನಲ್ಲಿ ನಾವಿಬ್ಬರು ಆಡಿದ್ದು ಇಷ್ಟೇ. ಹಾಸ್ಟೆಲ್ಲಿಗೆ ಬರುವಷ್ಟರಲ್ಲಿ ನನ್ನ ಹೆಸರು ಎಂಡ್ ಪಾಯಿಂಟ್ ಆಗಿತ್ತು. ಅವಳನ್ನು ಕಂಡರೆ ಮಾತ್ರ ನನಗೆ ಹಾಗಾಗುತ್ತದೆ ಅಂತ ದೇವರಾಜು ಮೆಸ್ಸಿನಲ್ಲಿ ಎಲ್ಲರಿಗೂ ಸಾರಿದ. ಅಡುಗೆಯವರು ಸಾರು ಬೇಕಾ ಅಂತ ಕೇಳಿದರೂ ನನಗೆ ಹಾಗೇ ಆಗುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆಗಸ್ಟ್ 10, ಭಾನುವಾರ

ದೇವರಾಜು ಕೆಟ್ಟವನಲ್ಲ. ಇವತ್ತು ತಾನಾಗಿ ಮೆಡಿಕಲ್ ಸ್ಟೋರಿಗೆ ಕರೆದುಕೊಂಡು ಹೋಗಿ ಒಂದು ಟ್ಯೂಬ್ ಕೊಡಿಸಿದ. ಅವನ ಅಕ್ಕ ಮದುವೆಗೆ ಮುಂಚೆ ಇದನ್ನೇ ಹಚ್ಚಿದ್ದಳಂತೆ, ಮುಖ ಬೆಳ್ಳಗಾಗಿ ನಯವಾಗಿತ್ತಂತೆ. ಅಂಗಡಿಯವನು ಡಾಕ್ಟರ ಚೀಟಿ ಕೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅದಕ್ಕೇ ಆ ಅಂಗಡಿ ಇಷ್ಟವಾಯಿತು.

ಆಗಸ್ಟ್ 18, ಸೋಮವಾರ

ಕೆಲಸ ಮಾಡುತ್ತಿದೆ! ಕನ್ನಡಿಯಲ್ಲಿ ನೋಡಿದೆ, ಕೆನ್ನೆ ತಣ್ಣಗೆ, ಒಂದೇ ಬಣ್ಣ. ಎಸ್ ಸರ್ ಅಂದೆ, ಏನೂ ಆಗಲಿಲ್ಲ. ಕಿವಿ ಸ್ವಲ್ಪ ಬಿಸಿಯಾಯಿತು, ಕೂದಲು ಮುಚ್ಚಿಕೊಂಡಿತ್ತು. ದಿನಕ್ಕೆರಡು ಸಲ ಹಚ್ಚುತ್ತಿದ್ದೇನೆ.

ಆಗಸ್ಟ್ 29, ಶುಕ್ರವಾರ

ಹಬ್ಬಕ್ಕೆ ರಾಮಾಪುರಕ್ಕೆ ಹೋಗಿದ್ದೆ. ಟ್ಯೂಬ್ ಹಾಸ್ಟೆಲ್ಲಿನಲ್ಲೇ ಮರೆತಿದ್ದೆ. ಎರಡನೇ ದಿನಕ್ಕೆ ಕೆನ್ನೆ ಉರಿ ಶುರು. ಬಿಸಿಲಿಗೆ ಹೋದರೆ ಬೆಂಕಿ ಹತ್ತಿರ ಮುಖ ಹಿಡಿದ ಹಾಗೆ. ಅಮ್ಮ ದೃಷ್ಟಿ ತೆಗೆದಳು. ಮೆಣಸಿನಕಾಯಿ ಘಾಟು ಬರಲಿಲ್ಲ, ಭಾರಿ ದೃಷ್ಟಿ ಅಂದಳು.

ಬಸ್ಸಿಳಿದು ಬಂದವನೇ ಹಚ್ಚಿದೆ. ಈ ಸಲ ಇಳಿಯಲಿಲ್ಲ. ಇನ್ನೂ ಸ್ವಲ್ಪ ಹಚ್ಚಿದೆ. ಮೊದಲು ಕೆಂಪು ಬಂದು ಹೋಗುತ್ತಿತ್ತು. ಈಗ ಬಂದು ಕೂತುಬಿಟ್ಟಿದೆ.

ಆಗಸ್ಟ್ 30, ಶನಿವಾರ

ಹಬ್ಬಕ್ಕೆ ತಪ್ಪಿದ ಗುರುವಾರದ ಲ್ಯಾಬ್ ನಿನ್ನೆ ಮಾಡಿಸಿದರು, ಅಲ್ಲಿ ದೇವರಾಜು ಫೋಟೊ ತೆಗೆದಿದ್ದಾನೆ. ಧನುಶ್ರೀ ಬ್ಯೂರೆಟ್ ನೋಡುತ್ತಿದ್ದಾಳೆ, ಪಕ್ಕದಲ್ಲಿ ನಾನು, ಕೆಂಡದಂಥ ಮುಖ. ಅದರ ಮೇಲೆ ಹಾರ್ಟ್ ಹಾಕಿ ‘ಎಂಡ್ ಪಾಯಿಂಟ್ ಲವ್ ಸ್ಟೋರಿ’ ಅಂತ ಕ್ಲಾಸ್ ಗ್ರೂಪಿಗೆ ಬಿಟ್ಟಿದ್ದಾನೆ. ಡಿಲೀಟ್ ಮಾಡು ಅಂದೆ, ಮಾಡಿದ. ಅಷ್ಟರಲ್ಲಿ ಯಾರು ಯಾರಿಗೆ ಕಳಿಸಿದ್ದರೋ.

ಧನುಶ್ರೀ ಗ್ರೂಪಿನಲ್ಲಿ ಒಂದೇ ಸಾಲು ಹಾಕಿದಳು, ಇದನ್ನು ಹಾಕಿದವರಿಗೆ ನಾಚಿಕೆಯಾಗಬೇಕು ಅಂತ. ನಾನೂ ಏನಾದರೂ ಬರೆಯಬೇಕಿತ್ತು. ಟೈಪ್ ಮಾಡಿದೆ, ಅಳಿಸಿದೆ. ರೂಮಿನಲ್ಲಿ ಒಬ್ಬನೇ ಕೂತು ಟೈಪ್ ಮಾಡುವಾಗಲೂ ಮುಖ ಉರಿಯುತ್ತಿತ್ತು.

ಸೆಪ್ಟೆಂಬರ್ 1, ಸೋಮವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಸೈಕಲ್ ಸ್ಟ್ಯಾಂಡಿನ ಹತ್ತಿರ ಒಬ್ಬರು ನನ್ನ ಹೆಸರು ವಿಚಾರಿಸಿಕೊಂಡು ಬಂದರು. ಬಿಳಿ ಶರ್ಟು, ಕೈಯಲ್ಲಿ ಹೆಲ್ಮೆಟ್. ಶಿವಕುಮಾರಸ್ವಾಮಿ ಅಂತ, ಧನುಶ್ರೀಯ ಸೋದರಮಾವ. ಅವಳಿಗೆ ಅಪ್ಪ ಇಲ್ಲ. ಓದಿಸುತ್ತಿರುವವರು ಇವರೇ. ಹೆಣ್ಣುಹುಡುಗಿಯನ್ನು ದಿನಾ ಬಸ್ಸಿಗೆ ಹತ್ತಿಸುವುದು ಬೇಡ ಅಂದ ನೆಂಟರ ಎದುರು, ಒಂದು ಮಾತೂ ಬರದ ಹಾಗೆ ನೋಡಿಕೊಳ್ಳುತ್ತೇನೆ ಅಂತ ಹೊಣೆ ಹೊತ್ತು ಸೇರಿಸಿದ್ದಾರಂತೆ. ಇದನ್ನೆಲ್ಲ ಜಗಳದ ದನಿಯಲ್ಲಿ ಹೇಳಲಿಲ್ಲ. ಮನೆಯ ಕಷ್ಟ ಹೇಳಿಕೊಳ್ಳುವ ಹಾಗೆ ಹೇಳಿದರು. ಆಮೇಲೆ ಫೋನ್ ತೆಗೆದು ಆ ಫೋಟೊ ತೋರಿಸಿದರು.

ಜೇಬಿನಿಂದ ಒಂದು ಕಾಗದದ ಪೊಟ್ಟಣ ಬಿಚ್ಚಿದರು. ಮಾದಪ್ಪನ ಬೆಟ್ಟದ ದೂಳ್ತ. ನಮ್ಮ ಕಡೆ ಆ ವಿಭೂತಿ ಹಣೆಗಿಟ್ಟುಕೊಂಡು ಯಾರೂ ಸುಳ್ಳು ಹೇಳುವುದಿಲ್ಲ. ಬದುವಿನ ಜಗಳ, ಕಳೆದುಹೋದ ದನದ ಜಗಳ, ಎಲ್ಲ ಅದರ ಮುಂದೆ ಮುಗಿಯುತ್ತವೆ.

“ನಾ ಒಡ್ಯಕ್ ಬಂದಿಲ್ಲ ಕಣಪ್ಪ. ಇದ ಅಣೆಗಿಕ್ಕಂಡು ಒಂದ್ ಮಾತ್ ಏಳ್ಬುಡು. ನಿನ್ಗೂ ನಮ್ ಉಡ್ಗಿಗೂ ಏನಾರ ಅದಾ?”

ಇಟ್ಟುಕೊಂಡೆ. ಬಾಯಿ ತೆರೆಯುವ ಮೊದಲೇ ಕತ್ತಿನಿಂದ ಎದ್ದು ಬಂತು. ಯಾವತ್ತೂ ಅಷ್ಟು ಬಂದಿರಲಿಲ್ಲ, ಕಣ್ಣಿನ ರೆಪ್ಪೆ ಕೂಡ ಉರಿಯಿತು. ಅವರು ಬಾಯಿ ನೋಡುತ್ತಿರಲಿಲ್ಲ, ಕೆನ್ನೆ ನೋಡುತ್ತಿದ್ದರು. ಇಲ್ಲ ಅಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

“ಇಲ್ದಿದ್ರೆ ಯಾಕ್ಲಾ ಇಂಗ್ ಕೆಂಪ್ಗಾದೆ?”

ಇದಕ್ಕೆ ನನ್ನಲ್ಲಿ ಉತ್ತರ ಇದೆ. ಹತ್ತು ವರ್ಷದಿಂದ ಇದೆ. ಒಂದೂ ಹೊರಗೆ ಬರಲಿಲ್ಲ. ನೆಲ ನೋಡುತ್ತಾ ನಿಂತೆ. ಅವರು ಸ್ವಲ್ಪ ಹೊತ್ತು ಕಾದರು. ನಿಜವಾಗಿಯೂ ಕಾದರು. ಆಮೇಲೆ ಪೊಟ್ಟಣ ಮಡಚಿದರು.

“ಬುಡು. ಮಾದಪ್ಪ ನಿನ್ ಮೊಕದಲ್ಲೇ ಏಳುಸ್ಬುಟ್ಟ.”

ಸೆಪ್ಟೆಂಬರ್ 2

ಧನುಶ್ರೀ ಬಂದಿಲ್ಲ.

ಸೆಪ್ಟೆಂಬರ್ 3

ಬಂದಿಲ್ಲ.

ಸೆಪ್ಟೆಂಬರ್ 4, ಗುರುವಾರ

ಲ್ಯಾಬಿನಲ್ಲಿ ಒಬ್ಬನೇ ಮಾಡಿದೆ. ಬ್ಯೂರೆಟ್ ತಿರುಗಿಸುವುದೂ ನಾನೇ, ಬಗ್ಗಿ ನೋಡುವುದೂ ನಾನೇ. ಯಾರೂ ನನ್ನನ್ನು ಎಂಡ್ ಪಾಯಿಂಟ್ ಅನ್ನಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಸೆಪ್ಟೆಂಬರ್ 6, ಶನಿವಾರ

ಧನುಶ್ರೀಯ ಗೆಳತಿ ದಿವ್ಯ ನನ್ನನ್ನು ಲೈಬ್ರರಿಯ ಹೊರಗೆ ನಿಲ್ಲಿಸಿಕೊಂಡಳು. ಧನುಶ್ರೀಯ ಫೋನ್ ಮನೆಯವರು ಕಿತ್ತಿಟ್ಟಿದ್ದಾರಂತೆ. ಹದಿನೆಂಟು ತುಂಬಿದೆ, ಇನ್ನು ಕಾಯುವುದೇಕೆ ಅಂತ ನೆಂಟರೆಲ್ಲ ಸೇರಿ ಕೌದಳ್ಳಿಯಿಂದ ಒಂದು ಗಂಡು ನೋಡಿದ್ದಾರೆ. ಹದಿನೇಳನೇ ತಾರೀಕು ಬುಧವಾರ ಮನೆಗೆ ಬರುತ್ತಾರಂತೆ. ಅವತ್ತು ಒಪ್ಪಿಗೆಯಾದರೆ ಕಾಲೇಜು ಮುಗಿದ ಹಾಗೆ. ಧನುಶ್ರೀ ಊಟ ಬಿಟ್ಟು ಜಗಳ ಮಾಡುತ್ತಿದ್ದಾಳೆ.

ನಾನು ಇಲ್ಲ ಅಂದಿದ್ದೆ ಅಂತ ಹೇಳಿದೆ. ದಿವ್ಯ ನನ್ನ ಮುಖವನ್ನೇ ನೋಡುತ್ತಾ ಕೇಳಿದಳು.

“ಅಂದ್ಯಾ? ಅವ್ರಿಗೆ ಕೇಳಿಸಿದ್ಯಾ? ಅವಳು ದಿನಾ ಕೂಗಿ ಹೇಳ್ತಾವ್ಳೆ, ಅದೂ ಕೇಳಿಸಿಲ್ಲ. ನಿನ್ ಮುಖ ಒಂದೇ ಅವ್ರಿಗೆ ಕೇಳಿಸಿರೋದು.”

ಪ್ಲ್ಯಾನ್: ಮುಖ ಸರಿ ಮಾಡಿಕೊಳ್ಳಬೇಕು. ಬೇಗ. ತಣ್ಣಗಿರುವ ಮುಖ ಇಟ್ಟುಕೊಂಡು ಅಗರಕ್ಕೆ ಹೋಗಬೇಕು. ತಣ್ಣಗಿರುವ ಮುಖ ಇಲ್ಲ ಅಂದರೆ ಯಾರಾದರೂ ನಂಬುತ್ತಾರೆ.

ಸೆಪ್ಟೆಂಬರ್ 8, ಸೋಮವಾರ

ಚರ್ಮದ ಡಾಕ್ಟರ ಹತ್ತಿರ ಹೋದೆ. ಮೇಡಂ ಮುಖ ನೋಡಿದ ಕೂಡಲೇ, ಏನು ಹಚ್ಚುತ್ತಿದ್ದೀಯ ತೋರಿಸು ಅಂದರು. ಟ್ಯೂಬ್ ಕೊಟ್ಟೆ. ಇದರಲ್ಲಿ ಸ್ಟೀರಾಯ್ಡ್ ಇದೆ, ಚೀಟಿಯಿಲ್ಲದೆ ತೆಗೆದುಕೊಂಡು ಮುಖಕ್ಕೆ ಹಚ್ಚುವುದಲ್ಲ ಅಂದರು. ಮೊದಲು ಚೆನ್ನಾಗಿ ಕಾಣಿಸುತ್ತದೆ, ಆಮೇಲೆ ಚರ್ಮ ತೆಳುವಾಗಿ ಇದ್ದ ಕೆಂಪು ಹೆಚ್ಚಾಗುತ್ತದೆ. ನಿಲ್ಲಿಸಿದರೆ ಕೆಲವು ವಾರ ಇನ್ನೂ ಉರಿಯುತ್ತದೆ, ತಡೆದುಕೊಳ್ಳಬೇಕು. ಬೇರೆ ಮುಲಾಮು ಬರೆದುಕೊಟ್ಟರು. ಬಿಸಿಲಿಗೆ ಟೋಪಿ ಹಾಕಿಕೋ ಅಂದರು.

ನಾನು ಹುಟ್ಟಿದಾಗಿನಿಂದ ಇರುವ ಕೆಂಪಿನ ವಿಷಯವೂ ಹೇಳಿದೆ. ಅದು ರೋಗವಲ್ಲ, ಕೆಲವರಿಗೆ ರಕ್ತನಾಳ ಬೇಗ ಹಿಗ್ಗುತ್ತದೆ, ಆಗಬಾರದು ಆಗಬಾರದು ಅಂದುಕೊಂಡಷ್ಟೂ ಆಗುತ್ತದೆ ಅಂದರು. ತುಂಬಾ ಕಷ್ಟವಾದರೆ ಮಾತಾಡಲು ಕೌನ್ಸೆಲರ್ ಇದ್ದಾರೆ, ಬಾ ಅಂದರು.

ಮುಂದಿನ ಬುಧವಾರದೊಳಗೆ ಒಂದೇ ಒಂದು ದಿನ ಕೆಂಪಾಗದ ಹಾಗೆ ಏನಾದರೂ ಕೊಡಿ ಮೇಡಂ ಅಂದೆ.

“ಒಂದೇ ದಿನ, ಒಂದೇ ದಿನ ಅಂತ ಹಚ್ಚಿಯೇ ಇಲ್ಲಿಗೆ ಬಂದಿದ್ದೀಯ.”

ಪ್ಲ್ಯಾನ್ ಹೋಯಿತು.

ಸೆಪ್ಟೆಂಬರ್ 11, ಗುರುವಾರ

ಮುಖ ಸುಲಿಯುತ್ತಿದೆ. ನೀರು ಬಿದ್ದರೂ ಉರಿ. ಧನುಶ್ರೀಯದು ಎರಡನೇ ಲ್ಯಾಬ್ ಹೋಯಿತು. ಇನ್ನೊಂದು ಹೋದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಸರ್ ಹೇಳಿದರು. ಯಾಕೆ ಬರುತ್ತಿಲ್ಲ ಅಂತ ಯಾರನ್ನೂ ಕೇಳಲಿಲ್ಲ. ಅವರಿಗೂ ಗೊತ್ತು.

ಶಿವಕುಮಾರಸ್ವಾಮಿಯವರ ನಂಬರ್ ದಿವ್ಯಳಿಂದ ತೆಗೆದುಕೊಂಡು ಫೋನ್ ಮಾಡಿದೆ. ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ. ಹೆಸರು ಹೇಳಿದ ತಕ್ಷಣ ಕಟ್ ಮಾಡಿದರು. ಆಮೇಲೆ ಕಾಲ್ ಹೋಗಲೇ ಇಲ್ಲ.

ಸೆಪ್ಟೆಂಬರ್ 13, ಶನಿವಾರ

ದೇವರಾಜುವನ್ನು ಕರೆದೆ. ಫೋಟೊ ತೆಗೆದವನು ನೀನು, ಜೊತೆಗೆ ಬಂದು ಅದನ್ನು ಹೇಳು ಅಂದೆ. ಅವನು ಮೊದಲು ನಕ್ಕ, ಆಮೇಲೆ ಹಾಸಿಗೆಯ ಮೇಲೆ ಕೂತ.

“ಅಗರಕ್ಕಾ? ಕೈ ಕಾಲ್ ಮುರ್ದು ಕೆರೆಗ್ ಎಸಿತಾರೆ ಕಣ್ಲಾ. ತಮಾಷೆಗ್ ಮಾಡ್ದೆ. ಇಂಗಾಯ್ತದೆ ಅಂತ ಗೊತ್ತಿದ್ರೆ ಮಾಡ್ತಿದ್ನಾ?”

ಇಲ್ಲ, ಮಾಡುತ್ತಿರಲಿಲ್ಲ. ಅದು ನನಗೂ ಗೊತ್ತು. ಅವನು ಬರುವುದಿಲ್ಲ. ಹೋಗುವ ಮುಂಚೆ ಒಂದು ಸಲ ಕ್ರೀಮ್ ಹಚ್ಚಿಕೋ, ಒಂದು ದಿನಕ್ಕೇನೂ ಆಗುವುದಿಲ್ಲ ಅಂತ ತನ್ನ ಟ್ಯೂಬ್ ಕೊಟ್ಟ. ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಕೂತೆ. ಹಚ್ಚಲಿಲ್ಲ. ನನ್ನ ಮುಖ ಹೀಗೇ ಇರುತ್ತದೆ ಅಂತ ಹೇಳಲು ಹೋಗುವವನು ಅದಕ್ಕೆ ಬೇರೆ ಬಣ್ಣ ಬಳಿದುಕೊಂಡು ಹೋದರೆ ಹೇಗೆ. ಅಥವಾ ಉರಿ ತಡೆಯಲಾಗದೆ ಹಚ್ಚಲಿಲ್ಲವೋ. ಎರಡೂ ಇರಬಹುದು.

ನಾಳೆ ಭಾನುವಾರ. ಮೊದಲ ಬಸ್ಸಿಗೆ ಅಗರಕ್ಕೆ ಹೊರಡುತ್ತೇನೆ.

ಸೆಪ್ಟೆಂಬರ್ 14, ಭಾನುವಾರ

ವಾಪಸ್ಸು ಬಂದೆ. ಬಸ್ಸಿನಲ್ಲಿ ಸೀಟಿರಲಿಲ್ಲ, ಎಲ್ಲರ ಮಧ್ಯೆ ಕಂಬಿ ಹಿಡಿದು ನಿಂತೇ ಬಂದೆ. ಒಬ್ಬ ಹೆಂಗಸು ಮುಖಕ್ಕೇನಾಯಿತು ಅಂತ ಕೇಳಿದರು. ಕ್ರೀಮ್ ಹಚ್ಚಿ ಕೆಡಿಸಿಕೊಂಡೆ ಅಂದೆ. ಅವರ ಸೊಸೆಯೂ ಅಂಥದ್ದೇ ಹಚ್ಚುತ್ತಾಳಂತೆ. ಅದರಲ್ಲಿ ಏನಿದೆ, ಯಾಕೆ ಹಚ್ಚಬಾರದು ಅಂತ ಕೊಳ್ಳೇಗಾಲ ಬರುವವರೆಗೂ ವಿವರಿಸಿದೆ. ಹಿಂದಿನ ಸೀಟಿನವರೂ ಕೇಳಿಸಿಕೊಳ್ಳುತ್ತಿದ್ದರು. ಅದಿರಲಿ, ಅಗರದ ವಿಷಯ ಮರೆಯುವ ಮೊದಲು ಬರೆಯಬೇಕು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ರೇಷ್ಮೆ ಹುಳು ಸಾಕುವ ಶಿವಕುಮಾರಸ್ವಾಮಿ ಅಂದೆ, ತೋರಿಸಿದರು. ಜಗಲಿಯಲ್ಲಿ ಅಜ್ಜಿ ಒಬ್ಬರು ಕೂತು ಹಿಪ್ಪುನೇರಳೆ ಕಡ್ಡಿಯಿಂದ ಸೊಪ್ಪು ಬಿಡಿಸುತ್ತಿದ್ದರು. ಶಿವಕುಮಾರಸ್ವಾಮಿಯವರ ತಾಯಿ, ಚನ್ನಾಜಮ್ಮ. ಯಾರ ಮಗ ಅಂತ ಕೇಳಿದರು. ಜಡೇಸ್ವಾಮಿ, ರಾಮಾಪುರ, ಧನುಶ್ರೀ ಕ್ಲಾಸ್‌ಮೇಟ್ ಅಂದೆ. ಅಜ್ಜಿಯ ಕೈ ನಿಂತಿತು. ಒಳಗೆ ಯಾರನ್ನೋ ಕೂಗಿದರು.

ಶಿವಕುಮಾರಸ್ವಾಮಿ ಹುಳು ಮನೆಯಿಂದ ಬಂದರು. ನನ್ನ ಮುಖ ನೋಡಿ ಒಂದು ಕ್ಷಣ ಅವರೇ ಬೆಚ್ಚಿದರು, ಅಷ್ಟು ಸುಲಿದಿತ್ತು.

“ಇಲ್ಗಂಟ ಬಂದ್ಬುಟ್ಯಾ?”

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಒಂದು ಸಾಲೂ ನೆನಪಾಗಲಿಲ್ಲ. ಕತ್ತಿನಲ್ಲಿ ಬಿಸಿ ಎದ್ದಿತ್ತು. ಅದು ಮೇಲೆ ಬರುತ್ತಿರುವಾಗಲೇ ಮಾತು ಶುರು ಮಾಡಿದೆ. ನಿಂತ ಮೇಲೆ ಮಾತಾಡೋಣ ಅಂದುಕೊಂಡರೆ ಅದು ನಿಲ್ಲುವುದಿಲ್ಲ.

“ಸಾ, ಅವತ್ತು ದೂಳ್ತ ಇಟ್ಕೊಂಡು ಇಲ್ಲ ಅಂದೆ. ನಿಮಗೆ ಕೇಳಿಸ್ಲಿಲ್ಲ. ಇವತ್ತೂ ಇಲ್ಲ ಅನ್ನೋಕೇ ಬಂದೆ. ಆ ಫೋಟೊ ನನ್ನ ರೂಮ್‌ಮೇಟ್ ತಮಾಷೆಗೆ ತೆಗೆದಿದ್ದು. ನನ್ ಮುಖ ಯಾರ್ ಏನ್ ಕೇಳಿದ್ರೂ ಹಿಂಗೇ ಆಗುತ್ತೆ. ಬೇಕಾದ್ರೆ ಕೇಳಿ ನೋಡಿ.”

“ಏನಂತ ಕೇಳನೆ?”

“ಏನಾದ್ರೂ. ಧನುಶ್ರೀ ವಿಷಯ ಬಿಟ್ಟು. ಕೆನ್ನೆ ನೋಡ್ಬೇಡಿ, ಅದು ಕ್ರೀಮಿಂದ ಆಗಿರೋದು. ಕಿವಿ ನೋಡಿ.”

ಅವರು ಹುಳು ಮನೆಯ ಕಡೆ ತಿರುಗಿದರು. ಕೆಲಸಕ್ಕೆ ಬಾರದ ಮಾತು ಅಂತ ಒಳಗೆ ಹೋಗಿಬಿಡುತ್ತಾರೆ ಅಂದುಕೊಂಡೆ. ಹೋಗುತ್ತಿದ್ದರೇನೋ. ಅಜ್ಜಿ ಎದ್ದು ಬಂದು ನನ್ನ ಪಕ್ಕ ನಿಂತು, ಕಿವಿಯ ಮೇಲಿನ ಕೂದಲು ಸರಿಸಿದರು.

“ನಿಮ್ಮಪ್ಪನ್ ಎಸ್ರೇನ್ ಮಗ?”

“ಮಹದೇವಯ್ಯ.”

ಆಯಿತು. ಅಪ್ಪನ ಹೆಸರಿಗೆ ಆಯಿತು.

“ಏನ್ ತಿಂದ್ಕ ಬಂದೆ?”

“ಚಿತ್ರಾನ್ನ.”

“ಅಯ್ಯೊ ಸಿವ್ನೆ, ಚಿತ್ರಾನ್ನುಕ್ಕೂ ಆಯ್ತದಲ್ಲ ಇವುನ್ಗೆ. ಬಾ ಇಲ್ಲಿ, ನೋಡ್ಬಾ ಶಿವ್ಕುಮಾರ, ಅಣ್ಮೆಣಸಿನ್ಕಾಯ್ ಆದಂಗ್ ಆಗದೆ ಕಿವಿ.”

ಶಿವಕುಮಾರಸ್ವಾಮಿ ನಗಲಿಲ್ಲ. ಹತ್ತಿರ ಬಂದು ನಿಂತರು. ಅದು ಇಳಿಯುವವರೆಗೂ ಕಾದರು. ಸ್ವಲ್ಪ ತಣ್ಣಗಾಯಿತು ಅನ್ನುವಾಗ ತಟ್ಟನೆ ಕೇಳಿದರು.

“ಏಳೆಂಟ್ಲ ಎಷ್ಟ್ಲಾ?”

“ಐವತ್ತಾರು.”

ಐವತ್ತಾರಕ್ಕೂ ಕೆಂಪಾದೆ. ಕಿವಿ, ಕತ್ತು, ಹಣೆ, ಎಲ್ಲ. ಅವರು ಪೂರ್ತಿ ನೋಡಿದರು. ಆಮೇಲೆ ಜಗಲಿಯ ಮೇಲೆ ಕೂತು ಟವೆಲ್ಲಿನಿಂದ ತಮ್ಮ ಮುಖ ಒರೆಸಿಕೊಂಡರು.

ಆಗ ಧನುಶ್ರೀ ಬಾಗಿಲಿಗೆ ಬಂದಳು. ಎಷ್ಟು ಹೊತ್ತಿನಿಂದ ಒಳಗೆ ನಿಂತು ಕೇಳುತ್ತಿದ್ದಳೋ. ಸೊರಗಿದ್ದಳು. ಕಾಲೇಜಿನಲ್ಲಿ ಆಡುವ ಕನ್ನಡವೇ ಬೇರೆ, ಇವತ್ತು ಅವಳು ಆಡಿದ್ದೇ ಬೇರೆ.

“ಮಾವ, ಎಲ್ಡ್ ವಾರದಿಂದ ನಾನ್ ಇದ್ನೇ ಏಳ್ತಾ ಇವ್ನಿ. ನಾನ್ ಬಾಯಲ್ ಏಳುದ್ರೆ ನಂಬ್ನಿಲ್ಲ, ಇವ್ನ್ ಕಿವಿ ನೋಡಿ ನಂಬ್ತೀರಾ?”

ಅವರು ಟವೆಲ್ ಮಡಚತೊಡಗಿದರು. ಅವಳು ನನ್ನ ಕಡೆ ತಿರುಗಿದಳು.

“ನೀನೂ ಅಷ್ಟೆ. ಇವತ್ ಬಂದ ಬಾಯಿ ಅವತ್ತೇ ಬಂದಿದ್ರೆ ಏನಾಗ್ತಿತ್ತು? ಎರಡ್ ಲ್ಯಾಬ್ ಹೋಯ್ತು ನಂದು.”

ಸಾರಿ ಅಂದೆ. ಗುರುವಾರದ ಲ್ಯಾಬ್ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಸರ್ ಹೇಳಿದ್ದನ್ನು ಅವಳಿಗಲ್ಲ, ಅವಳ ಮಾವನಿಗೆ ಹೇಳಿದೆ.

ಅಜ್ಜಿ ಸೊಪ್ಪಿನ ಕುಕ್ಕೆ ಸೊಂಟಕ್ಕೆತ್ತಿಕೊಂಡು ಹುಳು ಮನೆಯ ಕಡೆ ಹೊರಟರು. ವಯಸ್ಸಿಗೆ ಮೀರಿದ ಚುರುಕು. ಶಿವಕುಮಾರಸ್ವಾಮಿ ಜೇಬಿನಿಂದ ಫೋನ್ ತೆಗೆದರು. ನಾಳೆ ತಾವೇ ಧನುಶ್ರೀಯನ್ನು ಗಾಡಿಯಲ್ಲಿ ಕಾಲೇಜಿಗೆ ಕರೆತಂದು ಬಿಡುವುದಾಗಿಯೂ, ಇನ್ನು ಮೇಲೆ ಲ್ಯಾಬಿನಲ್ಲಿ ಅವಳು ದಿವ್ಯಳ ಜೊತೆ ಕೂರುವಂತೆ ಸರ್‌ಗೆ ಹೇಳಬೇಕೆಂದೂ ನನ್ನ ಕಡೆ ನೋಡದೆ ಹೇಳಿದರು. ಆಗಲಿ ಅಂದೆ. ಆಮೇಲೆ ಕೌದಳ್ಳಿಯ ಗಂಡಿನ ಮನೆಗೆ ಫೋನ್ ಹಚ್ಚಿದರು.

“ಅಣ್ಣ, ಬುದುವಾರ ಬರದ್ ಬ್ಯಾಡಿ. ನಮ್ಮವ್ವುನ್ಗೆ ಉಸಾರಿಲ್ಲ. ಎದ್ದು ಕೂರಕೂ ಆಗದಿಲ್ಲ, ಮಲಗ್ದಲ್ಲೇ ಅವ್ಳೆ. ಊ, ಮೂರ್ ದಿನಾಯ್ತು, ಗಂಜಿನೂ ಇಳಿತಾ ಇಲ್ಲ.” ಆ ಕಡೆಯ ಮಾತು ಕೇಳಿಸಿಕೊಂಡರು. 

“ಇಲ್ಲ, ಮುಂದ್ಲ ತಿಂಗ್ಳೂ ಬ್ಯಾಡಿ. ಉಡ್ಗಿ ಓದ್ತಾವ್ಳೆ, ಮುಗೀಲಿ.”

ಚನ್ನಾಜಮ್ಮ ಕುಕ್ಕೆ ಸಮೇತ ಅಂಗಳದ ಮಧ್ಯದಲ್ಲಿ ನಿಂತು ಮಗನನ್ನೇ ನೋಡುತ್ತಿದ್ದರು. ನಾನು ಶಿವಕುಮಾರಸ್ವಾಮಿಯವರ ಕಿವಿ ನೋಡುತ್ತಿದ್ದೆ. ಮೊದಲು ಒಂದು, ಆಮೇಲೆ ಇನ್ನೊಂದು. ಹೇಗಿದ್ದವೋ ಹಾಗೇ ಇದ್ದವು.